ಟ್ಯಾಂಗಲ್‌ಗೆ ಮೊದಲು ಎಳೆ ಹುಡುಕಿ

ಪ್ರಿಯ ಯುವಮಿತ್ರರೆ,

ನಿಮ್ಮ ಅನುವಾದದ ಮೊದಲ ಪುಟದಲ್ಲೇ ‘ಅವಳ ಕೂದಲು ಗೊಂದಲಮಯವಾಗಿತ್ತು’ ಎಂದಿದೆ. ಇಂಗ್ಲಿಷ್ ಮೂಲದಲ್ಲಿ ಟ್ಯಾಂಗಲ್ಡ್ ಎಂದಿರಬೇಕು. ಗೊಂದಲ ಆಗುವುದು ತಲೆಯೊಳಗೆ. ತಲೆಯ ಮೇಲೆ ಆಗುವುದು ಸಿಕ್ಕು.

ಡಿಕ್ಷನರಿಯಲ್ಲಿ ‘ಗೊಂದಲ’ ಕಂಡ ಕೂಡಲೇ ನಿಲ್ಲಬೇಡಿ, ಪದದ ವಯಸ್ಸು ವಿಚಾರಿಸಿ. ಇಂಗ್ಲಿಷಿಗೆ ಟ್ಯಾಂಗಲ್ 14ನೇ ಶತಮಾನದಲ್ಲಿ ಕ್ರಿಯಾಪದವಾಗಿ ಬಂತು. ಆಗಿನ ಅರ್ಥ ತೊಂದರೆಯಲ್ಲಿ ಸಿಕ್ಕಿಸು, ಕೈಕಾಲು ಆಡದಂತೆ ತೊಡರಿಸು. ಸ್ಕ್ಯಾಂಡಿನೇವಿಯಾ ಕಡೆಯ ಮಾತಿರಬೇಕೆಂದು ನಿಘಂಟುಕಾರರ ಊಹೆ. ಸ್ವೀಡಿಷ್ ಆಡುನುಡಿಯಲ್ಲಿ ಟಗ್ಲಾ ಎಂದರೆ ಕೆದರು. ನೂಲಿನ ಸಿಕ್ಕು ಎಂಬ ನಾಮಪದ ಹುಟ್ಟಿದ್ದು 17ನೇ ಶತಮಾನದಲ್ಲಿ. ಮೊದಲು ಸಿಕ್ಕಿಬೀಳುವುದು, ಆಮೇಲೆ ಸಿಕ್ಕು. ನಮ್ಮಲ್ಲೂ ಬಲೆಗೆ ಮೀನು ಸಿಕ್ಕುವುದು, ದಾರಕ್ಕೆ ಸಿಕ್ಕು ಬೀಳುವುದು ಒಂದೇ ಮಾತಿನಲ್ಲಿ ನಡೆಯುತ್ತದೆ. ಇಂಥ ಪದ ಮನೆಯಲ್ಲೇ ಇರುವಾಗ ಗೊಂದಲ ಯಾಕೆ? ಅದರಲ್ಲಿರುವುದು ಸದ್ದು, ಎಳೆಯಲ್ಲ. ಉತ್ತರ ಕರ್ನಾಟಕದ ಗೊಂದಲಿಗರು ದೇವಿಯ ಮುಂದೆ ಸಂಬಾಳ ಬಾರಿಸಿ ಹಾಕುವ ಗೊಂದಲವನ್ನು ನೆನೆಸಿಕೊಳ್ಳಿ.

ಕೂದಲಿಗೆ, ನೂಲಿಗೆ ಸಿಕ್ಕು. ವೈರುಗಳ ರಾಶಿ ಗೋಜಲು. ಆಸ್ತಿ, ಕೋರ್ಟಿನದು ತೊಡಕು. ಬಳ್ಳಿಯಾದರೆ ಕಾಲಿಗೆ ತೊಡರುತ್ತದೆ. ಯಾರ ಕೈಗೂ ಬಗ್ಗದಿದ್ದರೆ ಮಾತ್ರ ಕಗ್ಗಂಟು. ಪತ್ರಿಕೆಯವರು ಇದನ್ನು ದಿನಕ್ಕೆರಡು ಸಲ ಬಳಸಿ ಸವೆಸಿದ್ದಾರೆ. ‘ಟ್ಯಾಂಗಲ್ ವಿತ್’ ಬಂದರೆ ಇವ್ಯಾವುದೂ ಅಲ್ಲ, ಅದು ಜಗಳಕ್ಕೆ ಇಳಿಯುವುದು. ಸ್ಕಾಟ್ಲೆಂಡಿನ ಕಡಲತಡಿಯ ಕಥೆಯಲ್ಲಿ ಕಂಡರೆ ಇನ್ನೂ ಎಚ್ಚರ: ಅಲ್ಲಿ ಅದು ಪಟ್ಟಿಯಂಥ ಉದ್ದನೆಯ ಕಡಲಪಾಚಿಯೂ ಆಗಿರಬಹುದು. ರೆಕ್ಟ್ಯಾಂಗಲ್ (ಆಯತ) ಎಂಬುದರ ಬಾಲ ನೋಡಿ ಮೋಸಹೋಗಬೇಡಿ, ಅದು ಲ್ಯಾಟಿನ್ನಿನ ‘ನೇರ’, ‘ಕೋನ’ ಸೇರಿ ಆದದ್ದು. ಪ್ರಾಸ ಬಿಟ್ಟರೆ ಬೇರೆ ನೆಂಟಸ್ತಿಕೆಯಿಲ್ಲ.

ವಿಜ್ಞಾನ ಲೇಖನದ ಎಂಟ್ಯಾಂಗಲ್‌ಮೆಂಟನ್ನೂ ನೀವು ‘ಗೊಂದಲ’ ಎಂದೇ ಅನುವಾದಿಸಿದ್ದೀರಿ. ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಕಣಗಳ ನಂಟಿಗೆ ಆ ಹೆಸರಿಟ್ಟರು. ಜರ್ಮನ್ನಿನಲ್ಲಿ ಅವರು ಬಳಸಿದ್ದು ಫೆರ್‌ಶ್ರೆಂಕುಂಗ್. ಎದೆಯ ಮೇಲೆ ಕೈಕಟ್ಟಿ ನಿಲ್ಲುವುದಕ್ಕೂ ಜರ್ಮನರು ಅದರ ಕ್ರಿಯಾಪದವನ್ನೇ ಬಳಸುತ್ತಾರೆ. ಅಲ್ಲಿಗೆ ‘ಹೆಣೆದುಕೊಂಡ’ ಸರಿಹೋಗುತ್ತದೆ.

ಇನ್ನು ಆ ಕೂದಲಿನ ಸಾಲು. ‘ಅವಳ ತಲೆಗೂದಲು ಸಿಕ್ಕುಗಟ್ಟಿತ್ತು’ ಎಂದರೆ ಸಾಕು. ನಿಮ್ಮ ಅನುವಾದದಲ್ಲಿ ಆ ಸಾಲಾದ ಮೇಲೆ ಅಜ್ಜಿ ಬಾಚಣಿಗೆ ಹಿಡಿದು ಬುಡದಿಂದ ಎಳೆಯುತ್ತಾಳೆ. ಸಿಕ್ಕು ಬಿಡಿಸುವವರು ತುದಿಯಿಂದ ಶುರುಮಾಡುತ್ತಾರೆ. ಮೇಲಿಂದ ಎಳೆದರೆ ಸಣ್ಣ ಗಂಟುಗಳೆಲ್ಲ ಕೆಳಗೆ ಜಾರಿ ಒಂದೇ ಗಟ್ಟಿ ಗಂಟಾಗುತ್ತದೆ. ಮೂಲದಲ್ಲಿ ಅಜ್ಜಿ ಎಲ್ಲಿಂದ ಬಾಚುತ್ತಾಳೆ, ಇನ್ನೊಮ್ಮೆ ನೋಡಿ.

ವಿಶ್ವಾಸದಿಂದ.