ಖಾಲಿ ಹುದ್ದೆಗಳ ಮಾಹಿತಿ ಊರಿಗೇ ತಲುಪಲಿ

ಮಾನ್ಯ ಸಂಪಾದಕರೇ,

ಹಾಸನದ ಸಿದ್ಧ ಉಡುಪು ಕಾರ್ಖಾನೆಗಳಲ್ಲಾಗಲಿ, ಆಸ್ಪತ್ರೆ, ಮಳಿಗೆಗಳಲ್ಲಾಗಲಿ ಯಾವ ಕೆಲಸ ಖಾಲಿಯಿದೆ ಎಂಬುದು ಇಲ್ಲಿಯ ಯುವಜನರಿಗೆ ಈಗ ಹೆಚ್ಚಾಗಿ ತಿಳಿಯುವುದು ವಾಟ್ಸ್‌ಆ್ಯಪ್ ಸಂದೇಶಗಳಿಂದ ಮತ್ತು ಮಧ್ಯವರ್ತಿಗಳಿಂದ. ಅವುಗಳಲ್ಲಿ ನಿಜವಾವುದು, ನೋಂದಣಿ ಶುಲ್ಕದ ಹೆಸರಿನಲ್ಲಿ ಹಣ ಕೀಳುವ ಮೋಸವಾವುದು ಎಂದು ಅರಕಲಗೂಡು, ಸಕಲೇಶಪುರದ ಹಳ್ಳಿಗಳ ಮಕ್ಕಳು ಅರಿಯುವುದು ಸುಲಭವಲ್ಲ. ಕನಿಷ್ಠ 25 ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ವಿಧಿಸಿತ್ತು. ನೇಮಕಾತಿ ಆ ಕಚೇರಿಯ ಮೂಲಕವೇ ಆಗಬೇಕೆಂಬ ಕಡ್ಡಾಯ ಅದರಲ್ಲಿರಲಿಲ್ಲ, ನಿಜ. ಆದರೂ ಮಾಹಿತಿ ಒಂದೆಡೆ ಸೇರುವ ದಾರಿಯಿತ್ತು. ಯುವನಿಧಿಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಭತ್ಯೆ ಘೋಷಿಸಿದ ಸರ್ಕಾರವು, ಜಿಲ್ಲೆಯ ಖಾಲಿ ಹುದ್ದೆಗಳನ್ನು ಪರಿಶೀಲಿಸಿ, ವೇತನದ ವಿವರದೊಂದಿಗೆ ಪ್ರತಿ ವಾರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಫಲಕದಲ್ಲಿ ಪ್ರಕಟಿಸುವಂತೆ ಜಿಲ್ಲಾಡಳಿತಕ್ಕೆ ಸೂಚಿಸಬೇಕು.

– ಪದವೀಧರೆಯೊಬ್ಬಳ ತಂದೆ, ಹಾಸನ