ಹ್ಯಾನೋವರ್ ನಿಯೋಗದ 'ಫಲ' ಯಾರಿಗೆ?

ಮಾನ್ಯ ಸಂಪಾದಕರೇ,

ಜರ್ಮನಿಯ ಹ್ಯಾನೋವರ್ ನಗರದ ಕೈಗಾರಿಕಾ ಮೇಳಕ್ಕೆ ಹೋಗಿದ್ದ ಸರ್ಕಾರಿ ನಿಯೋಗದ ಭೇಟಿ 'ಫಲಪ್ರದ' ಎಂಬ ನಿಮ್ಮ ವರದಿ ಓದಿ ಮೈ ಉರಿಯಿತು. ಆ ನಿಯೋಗದ ಜೊತೆ ಕೈಯಿಂದ ಹಣ ಹಾಕಿಕೊಂಡು ಹೋದ ಪೀಣ್ಯದ ಸಣ್ಣ ಉದ್ಯಮಿಗಳಲ್ಲಿ ನಾನೂ ಒಬ್ಬ. ಮೊದಲೇ ಸಮಯ ಗೊತ್ತುಮಾಡಿದ್ದ ಖರೀದಿದಾರರು ಮಳಿಗೆಗೆ ಬಂದಾಗ ಅಧಿಕಾರಿಗಳೂ ಇಲ್ಲ, ದುಭಾಷಿಯೂ ಇಲ್ಲ. ಎಲ್ಲರೂ ಬಸ್ಸು ಹತ್ತಿ ಹೆರೆನ್‌ಹೌಸೆನ್ ಉದ್ಯಾನ ನೋಡಲು ಹೋಗಿದ್ದರು. ನನ್ನ ಗೇರ್‌ಗಳ ಮಾದರಿಯಿದ್ದ ಪೆಟ್ಟಿಗೆ ನಿಯೋಗದ ಕೋಣೆಯಲ್ಲಿ. ಕೋಣೆಯ ಬೀಗದ ಕೈ ಆ ಬಸ್ಸಿನಲ್ಲಿ! ಬಂದವರು ನನ್ನ ಮೊಬೈಲಿನಲ್ಲಿದ್ದ ಮಸುಕು ಚಿತ್ರಗಳನ್ನು ನೋಡಿ, ಗಡಿಯಾರ ನೋಡಿ, ಕೈಕುಲುಕಿ ಹೊರಟುಹೋದರು. ಮೇಳದ ದಿನಗಳಲ್ಲಿ ಅಲ್ಲಿನ ಹೋಟೆಲುಗಳ ಬಾಡಿಗೆ ನಮ್ಮಂಥವರ ಕೈಗೆಟುಕುವುದಿಲ್ಲ. ಊರಾಚೆ ಕೋಣೆ ಹಿಡಿದು, ಕಿಕ್ಕಿರಿದ ರೈಲಿನಲ್ಲಿ ನಿಂತುಕೊಂಡೇ ಓಡಾಡಿದ್ದು ಇದಕ್ಕಾಗಿಯೇ?

ಹೋಗಲಿ, ನೋಡಿದ ಊರನ್ನಾದರೂ ಸರಿಯಾಗಿ ತಿಳಿದುಕೊಂಡು ಬಂದರೇ? 'ಬ್ರಿಟಿಷ್ ರಾಜಮನೆತನದ ಹೆಸರು ಪಡೆದ ನಗರ' ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ನೀವೂ ಹಾಗೆಯೇ ಅಚ್ಚು ಹಾಕಿದ್ದೀರಿ. ಹೆಸರು ಬಂದದ್ದು ಊರಿನಿಂದ ಮನೆತನಕ್ಕೆ. 1714ರಲ್ಲಿ ಅಲ್ಲಿನ ದೊರೆ ಜಾರ್ಜ್ ಲುಡ್ವಿಗ್ ಲಂಡನ್ನಿಗೆ ಹೋಗಿ ಬ್ರಿಟನ್ನಿನ ರಾಜ ಒಂದನೇ ಜಾರ್ಜ್ ಆದ. ಅಲ್ಲಿಂದ 1837ರವರೆಗೆ ಎರಡೂ ಕಡೆಗೆ ಒಬ್ಬನೇ ದೊರೆ. ಗಂಡು ವಾರಸುದಾರರಿರುವಾಗ ಹ್ಯಾನೋವರಿನಲ್ಲಿ ಹೆಣ್ಣಿಗೆ ಪಟ್ಟವಿಲ್ಲದ ಕಾರಣ ಆ ವರ್ಷ ಬ್ರಿಟನ್ನಿನ ರಾಣಿಯಾದ ವಿಕ್ಟೋರಿಯಾಳಿಗೆ ಅದು ದಕ್ಕದೆ ಚಿಕ್ಕಪ್ಪ ಅರ್ನ್ಸ್ಟ್ ಆಗಸ್ಟ್‌ನ ಪಾಲಾಯಿತು. ಕುದುರೆಯೇರಿದ ಅವನ ಪ್ರತಿಮೆ ರೈಲು ನಿಲ್ದಾಣದ ಎದುರಿಗೇ ಇದೆ. ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡವರಿಗೆ ಅವನು ಯಾರೆಂದು ಕೇಳುವ ಕುತೂಹಲವೂ ಬೇಡವೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟನ್ನಿನ ಸಿಂಹಾಸನದಲ್ಲಿದ್ದ ಮೂರನೇ ಜಾರ್ಜ್ ಇದೇ ಮನೆತನದವನು. ಎರಡನೇ ಮೈಸೂರು ಯುದ್ಧದ ಕಾಲದಲ್ಲಿ ಕಂಪನಿ ಸರ್ಕಾರವು ಹ್ಯಾನೋವರಿನ ಎರಡು ರೆಜಿಮೆಂಟುಗಳನ್ನು ಮದ್ರಾಸಿಗೆ ತರಿಸಿತ್ತು. 1783ರಲ್ಲಿ ಕಡಲೂರಿನಲ್ಲಿ ಅವು ಕಾದಾಡಿದವು. ಮೈಸೂರು ನಾಡಿನಿಂದ ಹೋದವರಿಗೆ ಇಷ್ಟಾದರೂ ತಿಳಿದಿರಬೇಕಿತ್ತು.

ಈ ಉಡಾಫೆ ಇಂದಿನದಲ್ಲ. ಮಳೆ ಬಂದರೆ ನಮ್ಮ ಶೆಡ್ಡುಗಳಿಗೆ ಚರಂಡಿ ನೀರು ನುಗ್ಗುತ್ತದೆ, ಲೇತ್ ಯಂತ್ರದ ಮೋಟಾರು ಸುಡುತ್ತದೆ. ಅರ್ಜಿ ಹಿಡಿದು ಹೋದರೆ 'ಸಾಹೇಬರು ಪ್ರವಾಸದಲ್ಲಿದ್ದಾರೆ' ಎಂಬ ಉತ್ತರ. ವಿದ್ಯುತ್ ಸಂಪರ್ಕದ ಕಡತವಂತೂ ಯಾವ ಮೇಜಿನ ಮೇಲಿದೆಯೋ ದೇವರೇ ಬಲ್ಲ.

ನೀವು ತಪ್ಪನ್ನು ತಿದ್ದಿ ಪ್ರಕಟಿಸಿ. ನಿಯೋಗದ ಖರ್ಚುವೆಚ್ಚವನ್ನು ಸರ್ಕಾರ ಬಹಿರಂಗಪಡಿಸಲಿ, ಇಲ್ಲವೇ ಇಂಥ ನಿಯೋಗಗಳನ್ನೇ ನಿಲ್ಲಿಸಲಿ. ಜನರ ದುಡ್ಡಿನಲ್ಲಿ ದೇಶ ಸುತ್ತುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಕು.

– ನೊಂದ ಉದ್ಯಮಿ, ಪೀಣ್ಯ, ಬೆಂಗಳೂರು