ಮನೆ ಕೊಳ್ಳುವವರು, ಮಾರುವವರು ದಯವಿಟ್ಟು ಗಮನಿಸಿ

ಎಲ್ಲರಿಗೂ ನಮಸ್ಕಾರ. ಹಳೆ ಮನೆ ನೋಡುತ್ತಿರುವವರು ಮುಂಗಡ ಕೊಡುವ ಮೊದಲೇ ತಪಾಸಣೆ ಮಾಡಿಸಿ. ತಪಾಸಣೆ ಮಾಡುವವರನ್ನು ನೀವೇ ಹುಡುಕಿ, ಬ್ರೋಕರ್ ಹೇಳಿದವರೇ ಆಗಬೇಕಿಲ್ಲ. ಅವರ ಜೊತೆ ನೀವೂ ಓಡಾಡಿ. ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಯಾಕೆಂದು ಕೇಳಿ, ತೇವ ಮುಚ್ಚಲು ಬಳಿದಿರಬಹುದು. ಸಣ್ಣ ಬಿರುಕು ಹೆಚ್ಚಾಗಿ ಪ್ಲಾಸ್ಟರಿನದು, ಅದಕ್ಕೆ ಜಾಸ್ತಿ ಹೆದರಬೇಡಿ. ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಹೋದ ಬಿರುಕು ಮಾತ್ರ ತಳಪಾಯ ಕುಸಿದ ಗುರುತಿರಬಹುದು. ಆಗ ಸ್ಟ್ರಕ್ಚರಲ್ ಎಂಜಿನಿಯರ್‌ಗೇ (ಕಟ್ಟಡದ ಗಟ್ಟಿತನ ನೋಡುವ ಎಂಜಿನಿಯರ್) ತೋರಿಸಿ. ಗೋಡೆಯೊಳಗಿನ ಪೈಪು, ವೈರು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ತಪಾಸಣೆಯ ವರದಿಯನ್ನು ಗ್ಯಾರಂಟಿ ಅಂದುಕೊಳ್ಳಬೇಡಿ.

ಮಾರುವವರೇ, ಸೋರಿಕೆ ಮುಚ್ಚಿಡಬೇಡಿ. ಮೊದಲೇ ರಿಪೇರಿ ಮಾಡಿಸಿ ಬಿಲ್ ಇಟ್ಟುಕೊಂಡರೆ ಕೊನೆ ಗಳಿಗೆಯ ಚೌಕಾಸಿ ತಪ್ಪುತ್ತದೆ, ಅಲ್ವಾ?

ವರದಿ ಅರ್ಥವಾಗದಿದ್ದರೆ ಇಲ್ಲಿ ಕೇಳಿ, ಒಟ್ಟಿಗೆ ನೋಡೋಣ.